ತೀರ್ಪುಗಾರ ‘ಪರವಾಗಿಲ್ಲ’ ಅಂದುಬಿಟ್ಟ!

ನಾನು ಮುಖ ಓದುವವನು! ಅಂಗೈ ನೋಡಿ ಆಯುಸ್ಸು ಹೇಳುವವರು, ಕಾಫಿ ಬಟ್ಟಲಿನ ಗಸಿ ನೋಡಿ ಮದುವೆ ಕೂಡಿಬರುವ ತಿಂಗಳು ಹೇಳುವವರು ನಮ್ಮ ಪಿರೋಟ್ ಪೇಟೆಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಅಂಗಡಿಯ ಮುಂದೆ ನಿಂತ ಗಿರಾಕಿಯ ಮುಖ ನೋಡಿ, ಅವನ ಜೇಬಿನಲ್ಲಿ ಎಷ್ಟಿದೆ, ಅದರಲ್ಲಿ ನನಗೆಷ್ಟು ಬಿಟ್ಟು ಹೋಗುತ್ತಾನೆ, ಮನೆಗೆ ಹೋಗಿ ಹೆಂಡತಿಗೆ ಎಷ್ಟೆಂದು ಸುಳ್ಳು ಹೇಳುತ್ತಾನೆ, ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನು ಈ ರಾಂಜೆಲ್ ಒಬ್ಬನೇ!

ಅಂಥ ನಾನು ಕಟ್ಟಿಕೊಂಡ ಹೆಂಡತಿಯ ಮುಖವನ್ನು ಓದಲಾರೆನೇ? ಓದಿಯೇ ತೀರುತ್ತೇನೆ ಎಂದು ಕಳೆದ ಚಳಿಗಾಲದಲ್ಲಿ ಪಣ ತೊಟ್ಟೆ. ನಗುವವರು ಈಗಲೇ ನಕ್ಕುಬಿಡಿ. ಕಥೆ ಮುಗಿಯುವ ಹೊತ್ತಿಗೆ ನಮ್ಮ ಅತ್ತೆಯ ಜೊತೆ ಸೇರಿ ನಗಬೇಕಾಗುತ್ತದೆ. ಅವರ ನಗು ಕೇಳಿದವರು ಮತ್ತೆ ತಾವಾಗಿ ನಗುವುದು ಕಷ್ಟ.

ನನ್ನದು ಇಸ್ತ್ರಿ ಸಾಸೇಜಿನ ವ್ಯಾಪಾರ. ಬಟ್ಟೆಯ ಇಸ್ತ್ರಿ ಪೆಟ್ಟಿಗೆಗೂ ಇದಕ್ಕೂ ಸಂಬಂಧವಿಲ್ಲ. ಮಾಂಸದಿಂದ ಕೊಬ್ಬನ್ನೆಲ್ಲ ಆರಿಸಿ ತೆಗೆದು, ಕೊಚ್ಚಿ, ಖಾರದ ಪುಡಿ ಬೆಳ್ಳುಳ್ಳಿ ಕಲಸಿ, ಕರುಳಿಗೆ ತುಂಬಿ, ಕುದುರೆ ಲಾಳದಂತೆ ಬಗ್ಗಿಸಿ ಬಾಲ್ಕನಿಯಲ್ಲಿ ಬೆಟ್ಟದ ಗಾಳಿಗೆ ನೇತುಹಾಕುತ್ತೇವೆ. ಆಗಾಗ ಕೆಳಗಿಳಿಸಿ, ಮೇಲೆ ಗಾಜಿನ ಬಾಟಲಿ ಉರುಳಿಸಿ, ಒತ್ತಿ ಒತ್ತಿ ಚಪ್ಪಟೆ ಮಾಡುತ್ತೇವೆ. ಅದೇ ಇಸ್ತ್ರಿ. ನಮ್ಮ ಮನೆಯಲ್ಲಿ ಇಸ್ತ್ರಿಯ ಕೆಲಸವೆಲ್ಲ ಸ್ತ್ರೀಯದೇ. ನನ್ನ ಪಾಲಿನದು ಬಾಟಲಿ ಖಾಲಿ ಮಾಡಿಕೊಡುವ ಕೆಲಸ!

ನಮ್ಮೂರಿನ ಇನ್ನೊಂದು ರೂಢಿಯನ್ನೂ ಹೇಳಿಬಿಡಬೇಕು. ಇಲ್ಲಿ ಯಾರೂ ಯಾವುದನ್ನೂ ಬಾಯಿಬಿಟ್ಟು ಹೊಗಳುವುದಿಲ್ಲ. ಹೊಗಳಿದರೆ ಬೆಲೆ ಏರುತ್ತದಲ್ಲ! ತಿಂದವನು ಕಣ್ಣು ಮುಚ್ಚಿ, ಮೈ ಮರೆತು, ಬೆರಳು ನೆಕ್ಕಿ, ಕೊನೆಗೆ ಅನ್ನುವ ಮಾತು ಒಂದೇ: “ಪರವಾಗಿಲ್ಲ.” ಹೆಣ್ಣು ನೋಡಿ ಬಂದವರೂ “ಪರವಾಗಿಲ್ಲ” ಅನ್ನುತ್ತಾರೆ, ಗಂಡನ್ನು ನೋಡಿ ಬಂದವರೂ “ಪರವಾಗಿಲ್ಲ” ಅನ್ನುತ್ತಾರೆ, ಅಲ್ಲಿಗೆ ಮದುವೆ ನಿಶ್ಚಯ. ರಾಜಧಾನಿ ಬೆಲ್‌ಗ್ರೇಡಿನವರು ಹಾಗಲ್ಲ. ಅವರು ನಲ್ಲಿ ನೀರು ಕುಡಿದರೂ “ಅದ್ಭುತ!” ಅನ್ನುವ ಜನ. ಅವರ ಬಾಯಲ್ಲಿ “ಪರವಾಗಿಲ್ಲ” ಬಂತೆಂದರೆ, ತಟ್ಟೆಯನ್ನು ಪಕ್ಕಕ್ಕೆ ಸರಿಸಿದರೆಂದೇ ಅರ್ಥ.

ಇಂಥ ಬೆಲ್‌ಗ್ರೇಡಿಗೆ ನನ್ನ ಹೆಂಡತಿ ಝಾಗೊರ್ಕಾ ಟೀವಿಯ ಅಡುಗೆ ಸ್ಪರ್ಧೆಗೆಂದು ಹೊರಟು ನಿಂತಳು. ಹೋಟೆಲಿನ ಬಾಣಸಿಗರ ಸ್ಪರ್ಧೆಯಲ್ಲ ಅದು. ಮನೆಯಲ್ಲಿ ಅಡುಗೆ ಮಾಡುವವರು ಅಲ್ಲಿ ಹೋಗಿ ಮಾಡಬೇಕು, ಮೂವರು ತೀರ್ಪುಗಾರರು ಅದನ್ನು ತಿಂದು ಬೈಯಬೇಕು.

“ಬೈಸ್ಕೊಳ್ಳೋಕೆ ಅಷ್ಟು ದೂರ ಯಾಕೆ? ಮನೇಲೇ ವ್ಯವಸ್ಥೆ ಇದೆಯಲ್ಲ,” ಅಂದೆ.

“ಇಲ್ಲಿ ಬೈಯೋನು ತಟ್ಟೆ ತುಂಬ ತಿಂದು ಬೈತಾನೆ. ಅಲ್ಲಿಯವರು ಒಂದೇ ಚಮಚ ತಿಂದು ಬೈತಾರೆ. ಖರ್ಚು ಕಮ್ಮಿ,” ಅಂದಳು. ಪಿರೋಟಿನ ಹೆಣ್ಣು!

ಚೀಲದ ತುಂಬ ನಮ್ಮ ಸಾಸೇಜು ತುಂಬಿಕೊಂಡು ಹೋದಳು. ಮಡಕೆಯಲ್ಲಿ ಬೇಯಿಸಿದ ಬಿಳಿ ಕಾಳಿನ ಮೇಲೆ ಅದನ್ನು ಹೆಚ್ಚಿ ಹಾಕುವ ಯೋಜನೆ. ಚಿತ್ರೀಕರಣ ಮುಗಿಸಿಕೊಂಡು ಬಂದಳು. ಬಂದವಳ ಬಾಯಿಗೆ ಬೀಗ! ಟೀವಿಯಲ್ಲಿ ಶುಕ್ರವಾರ ಸಂಜೆ ಬರುವವರೆಗೆ ಗೆದ್ದೆನೋ ಸೋತೆನೋ ಯಾರಿಗೂ ಹೇಳಕೂಡದೆಂದು ಅಲ್ಲಿ ಮಾತು ತೆಗೆದುಕೊಂಡಿದ್ದರಂತೆ.

“ಯಾರಿಗೂ ಅಂದ್ರೆ ಗಂಡನಿಗೂನಾ?”

“ಗಂಡನಿಗೇ ಮೊದಲು ಅಂದ್ರು. ಗಂಡ ವ್ಯಾಪಾರಿ ಅಂತ ನಾನೇ ಹೇಳಿದ್ದೆ.”

ಈಗ ನನ್ನ ಕಷ್ಟ ಕೇಳಿ. ಆ ವರ್ಷದ ಚಳಿಗಾಲದ ಸಾಸೇಜೆಲ್ಲ ಬಾಲ್ಕನಿಯಲ್ಲಿ ತೂಗುತ್ತಿತ್ತು. ಝಾಗೊರ್ಕಾ ಗೆದ್ದಿದ್ದರೆ ಶನಿವಾರದ ಸಂತೆಯಲ್ಲಿ ದೇಶಕ್ಕೆ ದೇಶವೇ ನನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ನಾನು ಹೇಳಿದ್ದೇ ಬೆಲೆ. ಸೋತಿದ್ದರೆ? ಟೀವಿಯಲ್ಲಿ ಉಗಿಸಿಕೊಂಡ ಸಾಸೇಜನ್ನು ನಾಯಿಯೂ ಮೂಸುವುದಿಲ್ಲ. ಹಾಗಾದರೆ ಶುಕ್ರವಾರಕ್ಕೆ ಮೊದಲೇ ಎಲ್ಲವನ್ನೂ ಯಾರ ತಲೆಗಾದರೂ ಕಟ್ಟಬೇಕು. ಇಡುವುದೋ, ಮಾರುವುದೋ? ಉತ್ತರವಿದ್ದದ್ದು ನನ್ನ ಎದುರಿಗೇ ಕೂತು ಈರುಳ್ಳಿ ಹೆಚ್ಚುತ್ತಿದ್ದ ಮುಖದಲ್ಲಿ. ಓದತೊಡಗಿದೆ.

ಕಣ್ಣಲ್ಲಿ ನೀರಿತ್ತು. ಸೋತಿದ್ದಾಳೆ! ಅಲ್ಲ, ಈರುಳ್ಳಿ. ಸ್ವಲ್ಪ ಹೊತ್ತಿಗೆ ಹಾಡು ಗುನುಗಿದಳು. ಗೆದ್ದಿದ್ದಾಳೆ! ಕಿವಿಗೊಟ್ಟು ಕೇಳಿದರೆ ಯುದ್ಧಕ್ಕೆ ಹೋದ ಗಂಡ ತಿರುಗಿ ಬಾರದ ಹಾಡು. ಸೋತಿದ್ದಾಳೆ! ಆದರೆ ಹಾಡುತ್ತಾ ನನ್ನನ್ನು ನೋಡಿ ನಕ್ಕಳು. ಇದು ಗೆಲುವಿನ ನಗುವೋ, ಆ ಹಾಡಿನ ಗಂಡನ ಜಾಗದಲ್ಲಿ ನನ್ನನ್ನು ನೆನೆಸಿಕೊಂಡ ನಗುವೋ?

ನೇರವಾಗಿ ಕೇಳಿದರೆ ಹೇಳುವುದಿಲ್ಲ, ಬಳಸಿ ಕೇಳೋಣ ಎಂದುಕೊಂಡೆ. ಅವಳು ತಂದಿಟ್ಟ ಚೀಲವನ್ನು ಮೊಳೆಗೆ ನೇತುಹಾಕಲು ಹೋದರೆ, ಹಗುರ! ಕೈ ಹಾಕಿ ನೋಡಿದರೆ ಒಂದು ತುಂಡೂ ಇಲ್ಲ.

“ಸಾಸೇಜೆಲ್ಲ ಎಲ್ಲಿ?”

“ಅಲ್ಲೇ ಉಳೀತು.”

“ಅಲ್ಲೇ? ಅಷ್ಟೂನಾ? ನಮ್ಮೂರಿನ ಹೆಂಗಸು ಸರಕು ಬಿಟ್ಟು ಬರೋದುಂಟಾ?”

“ಪರವಾಗಿಲ್ಲ ಬಿಡು,” ಅಂದಳು.

ಕಸದ ಬುಟ್ಟಿಗೆ ಸುರಿದಿದ್ದಾರೆ! ಪಾಪ, ಆ ಅವಮಾನದಲ್ಲಿ ಎತ್ತಿಕೊಂಡು ಬರಲೂ ಇವಳಿಗೆ ಕೈ ಬಂದಿಲ್ಲ. ಆದರೂ ವ್ಯಾಪಾರಿ ಒಂದೇ ತಕ್ಕಡಿಯನ್ನು ನಂಬಬಾರದು. ಊಟದ ಹೊತ್ತಿಗೆ ಇನ್ನೊಂದು ಗಾಳ ಹಾಕಿದೆ.

“ಝಾಗೊರ್ಕಾ, ಚಳಿಗೆ ಒಂದು ಜೊತೆ ಹೊಸ ಬೂಟು ಕೊಡಿಸ್ತೀನಿ. ಬೆಲ್‌ಗ್ರೇಡಿಗೆ ಮತ್ತೆ ಹೋಗೋದಿದ್ರೆ ಬೇಕಾಗತ್ತಲ್ಲ?”

ನಾನಾಗಿ ಬೂಟು ಕೊಡಿಸುವ ಮಾತೆತ್ತಿದ್ದು ಮದುವೆಯಾದಮೇಲೆ ಅದೇ ಮೊದಲು. ಅವಳು ಚಮಚ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

“ಬೇಡ. ಹಳೇದೇ ಪರವಾಗಿಲ್ಲ,” ಅಂದಳು.

ಸಿಕ್ಕಿತು! ಗೆದ್ದ ಹೆಂಗಸು ಹೊಸ ಬೂಟು ಬೇಡವೆನ್ನುತ್ತಾಳೆಯೇ? ಮತ್ತೆ ಹೋಗುವುದಿಲ್ಲ. ಸೋತಿದ್ದಾಳೆ, ಸೋತಿದ್ದಾಳೆ, ಸೋತಿದ್ದಾಳೆ! ಮುಖ ಓದುವ ವಿದ್ಯೆಗೆ ಜಯವಾಗಲಿ ಎಂದು ಒಂದು ಲೋಟ ಪ್ಲಮ್ ಹಣ್ಣಿನ ರಾಕಿಯಾ ಏರಿಸಿದೆ. ಹೆಂಡತಿಯ ಸೋಲಿಗೆ ರಾಕಿಯಾ ಕುಡಿದ ಪಾಪಿಗೆ ಮುಂದೆ ಏನಾಗಬೇಕೋ ಅದೇ ಆಯಿತು.

ಬುಧವಾರ ಝಾಗೊರ್ಕಾ ಹೊರಗೆ ಹೋದದ್ದು ನೋಡಿಕೊಂಡು, ಪೇಟೆಯಲ್ಲಿ ನನ್ನ ಎದುರು ಸಾಲಿನ ವ್ಯಾಪಾರಿ ತ್ರಾಯ್ಕೊನನ್ನು ಕರೆಸಿದೆ. ಬೆಕ್ಕು ಎದುರು ಬಂದರೆ ದಾರಿ ಬದಲಿಸುವ, ತ್ರಾಯ್ಕೊ ಎದುರು ಬಂದರೆ ಜೇಬು ಮುಟ್ಟಿಕೊಳ್ಳುವ ಊರು ನಮ್ಮದು. ಅವನು ಬಾಲ್ಕನಿಯಲ್ಲಿ ನಿಂತು ಸಾಸೇಜು ಮುಟ್ಟಿದ, ಮೂಸಿದ, ಬೆಳಕಿಗೆ ಹಿಡಿದ.

“ಏನಪ್ಪಾ ರಾಂಜೆಲ್, ಎಲ್ಲಾನೂ ಮಾರ್ತೀಯಾ? ಟೀವೀಲಿ ಬರೋಕೆ ಮುಂಚೆ?”

“ಜಾಗ ಸಾಲದು ಮಾರಾಯಾ. ಹೆಂಡತಿ ಹೂಕುಂಡ ಇಡ್ತಾಳಂತೆ.”

“ಹೂಕುಂಡ! ಹಿಮ ಬೀಳೋ ಕಾಲದಲ್ಲಿ!”

“ಅವಳೀಗ ಟೀವಿ ಹೆಂಗಸು. ಅವಳ ಹೂವು ಹಿಮದಲ್ಲೂ ಅರಳುತ್ತೆ.”

ತ್ರಾಯ್ಕೊನ ಮುಖ ಓದಿದೆ. ದುರಾಸೆ, ಅವಸರ, ಪೆದ್ದುತನ, ಮೂರೂ ಅಚ್ಚುಕಟ್ಟಾಗಿ ಬರೆದಿಟ್ಟಂತಿತ್ತು. ಅವನು ಹೇಳಿದ ಬೆಲೆ ಕಡಿಮೆಯೇ. ಆದರೆ ಶನಿವಾರಕ್ಕೆ ಅದೂ ಹುಟ್ಟದಲ್ಲ! ಕೈ ಕುಲುಕಿದೆ. ಅವನು ಎಲ್ಲವನ್ನೂ ಹೊತ್ತುಕೊಂಡು ಹೋದ. ಖಾಲಿ ಬಾಲ್ಕನಿ ಹೆಂಡತಿಯ ಕಣ್ಣಿಗೆ ಬೀಳದಿರಲೆಂದು ಪರದೆ ಎಳೆದುಬಿಟ್ಟೆ. ನನಗೂ ಆ ಕಡೆ ನೋಡಲು ಮನಸ್ಸಾಗಲಿಲ್ಲ. ಹಲ್ಲು ಕೀಳಿಸಿಕೊಂಡ ಬಾಯಿಯ ಹಾಗೆ ಕಾಣುತ್ತಿತ್ತು.

ಶುಕ್ರವಾರ ಸಂಜೆ ನಮ್ಮ ಮನೆ ಸಿನಿಮಾ ಮಂದಿರವಾಯಿತು! ನಮ್ಮ ಮದುವೆಗೆ ಸಾಕ್ಷಿ ನಿಂತ ಗೆಳೆಯ ಸ್ಲಾವೊಲ್ಯುಬ್ ತನ್ನದೇ ಕುರ್ಚಿ ಹೊತ್ತುಕೊಂಡು ಬಂದ. ಕೆಳಗಿನ ಮನೆಯ ನಿವೃತ್ತ ಟೀಚರ್ ಯೊರ್ದಾಂಕಾ, ತಪ್ಪು ಮಾತಾಡಿದ ತೀರ್ಪುಗಾರರನ್ನು ತಿದ್ದಲೆಂದೇ ಕನ್ನಡಕ ಒರೆಸಿಕೊಂಡು ಬಂದರು. ಮೇಲಿನ ಮಹಡಿಯಿಂದ ನಮ್ಮ ಅತ್ತೆ ದೆಸಾಂಕಾ ಇಳಿದು ಬಂದರು. ಕುತ್ತಿಗೆಗೆ ಉಣ್ಣೆಯ ಶಾಲು ಸುತ್ತಿ, ತಲೆಯನ್ನು ಒಂದೇ ಕಡೆ ವಾಲಿಸಿಕೊಂಡು.

“ಏನಾಯ್ತು ಅತ್ತೆ?”

“ಪ್ರೊಮಾಯಾ!” ಅಂದರು, ಕಣ್ಣು ಮುಚ್ಚಿ.

ಪ್ರೊಮಾಯಾ ಎಂದರೆ ತೆರೆದ ಕಿಟಕಿಯಿಂದ ನುಗ್ಗಿ ಬಾಗಿಲಿನಿಂದ ಹೊರಬೀಳುವ ಗಾಳಿ. ನಮ್ಮಲ್ಲಿ ನೆಗಡಿ, ಸೊಂಟ ನೋವು, ಹಲ್ಲು ನೋವು, ಸೊಸೆಯ ಸಿಟ್ಟು, ಎಲ್ಲದಕ್ಕೂ ಅದೇ ಕಾರಣ. ಹೆಸರಲ್ಲೇ ಮಾಯೆಯಿದೆಯಲ್ಲ! ಜೀವಮಾನವಿಡೀ ಬೇಸಿಗೆಯಲ್ಲೂ ಕಿಟಕಿ ತೆರೆಯದ ನಮ್ಮ ಅತ್ತೆಗೆ ಆ ಮಾಯೆ ಎಲ್ಲಿಂದ ತಗುಲಿತೋ, ನಾನು ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಟೀವಿ ಶುರುವಾಯಿತು. ಶುರುವಾದ ಕೂಡಲೇ ನಮ್ಮವರ ತೀರ್ಪೂ ಶುರುವಾಯಿತು. ಮೊದಲು ಒಬ್ಬ ಹುಡುಗ ದೊಡ್ಡ ತಟ್ಟೆಯ ನಡುವೆ ಗುಬ್ಬಿಗಾಗುವಷ್ಟು ಮೀನಿಟ್ಟು, ಮೇಲೆ ಬಿಳಿ ನೊರೆ ಹಾಕಿ ತಂದ.

“ಅಯ್ಯೋ ಪಾಪ, ತಟ್ಟೆ ತೊಳೆದ ಸೋಪು ಹಾಗೇ ಬಿಟ್ಟಿದ್ದಾನೆ!” ಅಂದ ಸ್ಲಾವೊಲ್ಯುಬ್.

“ಅದು ನಿಂಬೆಹಣ್ಣಿನ ನೊರೆ ಕಣೋ,” ಅಂದರು ಟೀಚರ್.

“ನಿಂಬೆಹಣ್ಣಿನ ಸೋಪು ನಮ್ಮನೇಲೂ ಇದೆ ಟೀಚರ್.”

ಮೂವರು ತೀರ್ಪುಗಾರರಿಗೂ ನಮ್ಮ ಊರು ಆಗಲೇ ಹೆಸರಿಟ್ಟಿತ್ತು. ಕೆಂಪು ಚೌಕಟ್ಟಿನವಳು ಕನ್ನಡಕದಮ್ಮ. ಗಡ್ಡದವನು ಗಡ್ಡ. ಮೂರನೆಯವನು ಬೋಳು ತಲೆಯ ಕಲ್ಲುಮುಖ. ಏನೇ ತಿಂದರೂ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗದು. ಸೋಲು ಗೆಲುವು ನಿಂತಿದ್ದು ಅವನ ಮಾತಿನ ಮೇಲೆ.

“ಅವನು ನಿಂತಿರೋ ಜಾಗ ನೋಡಿ! ಹಿಂದೆ ಬಾಗಿಲು, ಮುಂದೆ ಕಿಟಕಿ, ಮೇಲೆ ಬೋಳು ತಲೆ! ಯಾರಾದ್ರೂ ಆ ಕಿಟಕಿ ಮುಚ್ರೋ!” ಎಂದು ಅತ್ತೆ ಟೀವಿಯನ್ನೇ ಗದರಿದರು.

ಆಗ ಝಾಗೊರ್ಕಾ ಪರದೆಯ ಮೇಲೆ ಬಂದಳು. ಮನೆಯೆಲ್ಲ ಹೋ ಎಂದಿತು. ಪಕ್ಕದಲ್ಲೇ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದ ಅಸಲಿ ಝಾಗೊರ್ಕಾಳನ್ನು ಒಬ್ಬರೂ ನೋಡಲಿಲ್ಲ. ಮಡಕೆಯ ಮುಚ್ಚಳ ತೆಗೆದಳು. ಹಬೆಯಾಡುವ ಬಿಳಿ ಕಾಳು, ಮೇಲೆ ನಮ್ಮ ಸಾಸೇಜಿನ ಕೆಂಪು ಬಿಲ್ಲೆಗಳು.

ಕನ್ನಡಕದಮ್ಮ ನಾಲಿಗೆಯ ತುದಿಗೆ ಮುಟ್ಟಿಸಿದಳು. “ಜ್ವರ ನೋಡೋ ಹಾಗೆ ತಿಂತಾಳಲ್ಲೇ!” ಅಂದರು ಅತ್ತೆ. ಗಡ್ಡದವನು ಮಣ್ಣಿನ ಬಗ್ಗೆ, ನೆನಪಿನ ಬಗ್ಗೆ, ಬಾಲ್ಯದ ಬಗ್ಗೆ ಏನೇನೋ ಹೇಳಿದ. “ಕಾಳು ಬೆಂದಿದೆಯೋ ಇಲ್ಲವೋ ಹೇಳಯ್ಯಾ ಮೊದಲು!” ಎಂದು ಟೀಚರ್ ಬೆರಳಾಡಿಸಿದರು. ಕೊನೆಗೆ ಕಲ್ಲುಮುಖ ಬಂದ. ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡ. ಅಗಿದ. ಅಗಿದ. ಇನ್ನೂ ಅಗಿದ. ನಾನು ಅವನ ಮುಖದ ಮೇಲೆ ಕಣ್ಣು ನೆಟ್ಟಿದ್ದೆ.

ನುಂಗಿ ಅಂದ: “ಪರವಾಗಿಲ್ಲ.”

ಜಾಹೀರಾತು ಬಂತು!

ಮನೆಯಲ್ಲಿ ಎರಡು ದೇಶಗಳಾದವು. “ಗೆದ್ದಳು!” ಎಂದು ಸ್ಲಾವೊಲ್ಯುಬ್ ಕುರ್ಚಿಯಿಂದ ಜಿಗಿದ. “ಸೋತಳು, ಪಾಪ!” ಎಂದು ಟೀಚರ್ ಕನ್ನಡಕ ತೆಗೆದರು.

“ಪರವಾಗಿಲ್ಲ ಅಂದ್ನಲ್ಲ ಟೀಚರ್! ಇನ್ನೇನು ಬೇಕು? ನಮ್ಮಪ್ಪ ಸಾಯೋವಾಗ ನಮ್ಮಮ್ಮನ ಅಡುಗೆಗೆ ಅಂದ ಮಾತು ಅದೇ!”

“ಅವನು ನಿಮ್ಮಪ್ಪನಲ್ಲ ಕಣೋ, ಬೆಲ್‌ಗ್ರೇಡಿನವನು! ಅವರಲ್ಲಿ ಅದು ಬೈಗುಳ!”

“ಬೈಯೋನು ಅಷ್ಟು ಹೊತ್ತು ಅಗೀತಾನಾ?”

“ನುಂಗೋಕೆ ಆಗದೆ ಅಗಿದ!”

ನನ್ನ ಗತಿ ಕೇಳಬೇಡಿ. ಸರಕು ಮಾರಿಯಾಗಿದೆ. ಗೆದ್ದರೆ ನಾನು ಕೆಟ್ಟೆ. ಪಕ್ಕದಲ್ಲಿ ಹೆಂಡತಿ, ಎದುರಿಗೆ ಟೀವಿಯಲ್ಲಿ ಅವಳದೇ ಭವಿಷ್ಯ, ಒಳಗೊಳಗೇ ನಾನು ಸಂತ ನಿಕೋಲಾನಿಗೆ ಹರಕೆ ಹೊರುತ್ತಿದ್ದೇನೆ: ಅಪ್ಪಾ, ಹೇಗಾದರೂ ಮಾಡಿ ಇವಳನ್ನು ಸೋಲಿಸು! ಆ ಸಂತ ಹಡಗು ಮುಳುಗುವವರ ಮೊರೆ ಕೇಳಿದ್ದಾನು, ಇಂಥ ಮೊರೆಯನ್ನು ಕೇಳಿರಲಾರ. ಝಾಗೊರ್ಕಾಳ ಕಡೆ ತಿರುಗಿದೆ. ಬೀಜದ ಸಿಪ್ಪೆಯನ್ನು ತಟ್ಟೆಗೆ ಹಾಕುತ್ತಾ, “ಏನು, ಮುಖ ಓದ್ತಿದ್ದೀಯಾ? ಯಾವ ಪುಟದಲ್ಲಿದ್ದೀಯಾ?” ಅಂದಳು.

ಜಾಹೀರಾತು ಮುಗಿಯಿತು. ತೀರ್ಪುಗಾರರು ಗುಸುಗುಸು ಮಾತಾಡುತ್ತಿದ್ದರು. ನಾನು ಕಲ್ಲುಮುಖನ ಹುಬ್ಬಿನಲ್ಲಿ, ತುಟಿಯಲ್ಲಿ, ಮೂಗಿನ ಹೊಳ್ಳೆಯಲ್ಲಿ ಉತ್ತರ ಹುಡುಕುತ್ತಿದ್ದೆ. ಅತ್ತೆ ವಾಲಿದ ಕುತ್ತಿಗೆಯಲ್ಲೇ ಕಿರುಚಿದರು:

“ಅಳಿಯ ದೇವರೇ, ಮುಖ ಏನು ನೋಡ್ತೀಯಾ? ಕೈ ನೋಡು, ಕೈ!”

ನೋಡಿದೆ. ಪರದೆಯ ಅಂಚಿನಲ್ಲಿ, ಯಾರೂ ಗಮನಿಸುತ್ತಿಲ್ಲವೆಂದುಕೊಂಡು, ಕಲ್ಲುಮುಖ ತಟ್ಟೆಯಲ್ಲಿ ಉಳಿದ ಸಾಸೇಜನ್ನೆಲ್ಲ ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಇಳಿಸುತ್ತಿದ್ದ! ಆಮೇಲೆ ಬ್ರೆಡ್ಡಿನ ಚೂರಿನಿಂದ ತಟ್ಟೆಯನ್ನೂ ಒರೆಸಿ ಬಾಯಿಗೆ ಹಾಕಿಕೊಂಡ.

“ಇವನಜ್ಜಿ ನಮ್ಮೂರವಳೇ!” ಎಂದು ಅತ್ತೆ ತೀರ್ಪು ಕೊಟ್ಟರು. ಟೀವಿಯ ತೀರ್ಪು ಆಮೇಲೆ ಬಂತು, ಅದೂ ಅದೇ. ಝಾಗೊರ್ಕಾ ಮುಂದಿನ ಸುತ್ತಿಗೆ! ಕಲ್ಲುಮುಖನೇ ಬಂದು ಅವಳ ಕೊರಳಿಗೆ ಹೊಸ ಏಪ್ರನ್ ಹಾಕಿದ.

ಮನೆ ಹಾರಿಹೋಗುವಷ್ಟು ಗದ್ದಲ! ಸ್ಲಾವೊಲ್ಯುಬ್ ನನ್ನನ್ನೆತ್ತಿ ಗಿರಗಿರನೆ ತಿರುಗಿಸಿದ. “ರಾಂಜೆಲ್, ವಿಯೆನ್ನಾದಲ್ಲಿರೋ ನನ್ನ ತಮ್ಮನಿಗೆ ಈಗಲೇ ಬೇಕು ಸಾಸೇಜು, ಬೇರೆಯವರು ಬರೋಕೆ ಮುಂಚೆ! ಬೆಲೆ ಕೇಳಲ್ಲ!” ಪಿರೋಟಿನಲ್ಲಿ ಒಬ್ಬ ಗಿರಾಕಿ ಬೆಲೆ ಕೇಳುವುದಿಲ್ಲ ಅಂದದ್ದು ಅದೇ ಮೊದಲು, ಅದೂ ನನ್ನ ಬಳಿ ಸರಕಿಲ್ಲದ ದಿನ! ನನಗೂ ಇರಲಿ ಅಂದರು ಟೀಚರ್. ಫೋನು ಬಡಿದುಕೊಳ್ಳತೊಡಗಿತು. ಸ್ಲಾವೊಲ್ಯುಬ್ ಬಾಲ್ಕನಿಯ ಪರದೆಗೆ ಕೈ ಹಾಕಿದ.

“ಬೇಡ! ಪ್ರೊಮಾಯಾ!” ಎಂದು ಚೀರಿದೆ.

ಅತ್ತೆ ನನ್ನತ್ತ ತಿರುಗಿ ನೋಡಿದರು, ಇಡೀ ದೇಹ ಸಮೇತ. “ಅಬ್ಬಾ! ಇಷ್ಟು ವರ್ಷಕ್ಕೆ ಅಳಿಯನಿಗೆ ಬುದ್ಧಿ ಬಂತು.”

“ನಾಳೆ ಸಂತೇಲಿ ಕೊಡ್ತೀನಿ, ಎಲ್ಲರಿಗೂ,” ಎಂದು ಕೈಮುಗಿದು ಕಳಿಸಿದೆ. ಬಾಗಿಲು ಹಾಕಿದ ಕೂಡಲೇ ತ್ರಾಯ್ಕೊಗೆ ಫೋನು ಮಾಡಿದೆ.

“ತ್ರಾಯ್ಕೊ, ಆ ಸಾಸೇಜು ವಾಪಸ್ ಬೇಕಿತ್ತು.”

“ನನ್ನ ಹತ್ರ ಎಲ್ಲಿದೆ ಮಾರಾಯಾ? ನಾನು ಬರೀ ಹೊತ್ತೋನು. ಕೂಲಿಗೆ ಒಂದು ಜೊತೆ ಸಿಕ್ತು, ತಿಂದೆ. ಪರವಾಗಿಲ್ಲ.”

“ಹಾಗಾದ್ರೆ ಕೊಂಡೋರು ಯಾರು?”

“ಬಾಲ್ಕನಿಗೆ ಹೋಗಿ ಹೂಕುಂಡದ ಪಕ್ಕದಲ್ಲಿ ನಿಂತು ತಲೆ ಎತ್ತಿ ನೋಡು!”

ಹೋದೆ. ನೋಡಿದೆ. ಮೇಲಿನ ಮಹಡಿಯ ಬಾಲ್ಕನಿಯ ಕಿಟಕಿಗಳೆಲ್ಲ ಹಾರು ಹೊಡೆದಿದ್ದವು. ಬೆಟ್ಟದ ಗಾಳಿಗೆ ನನ್ನ ಸಾಸೇಜುಗಳು ಸಾಲಾಗಿ ತೂಗುತ್ತಿದ್ದವು, ನನಗೆ ಟಾಟಾ ಮಾಡುವ ಹಾಗೆ! ಅತ್ತೆಯ ವಾಲಿದ ಕುತ್ತಿಗೆಗೆ ಕಾರಣ ಆಗ ಹೊಳೆಯಿತು. ನನ್ನ ಸಾಸೇಜಿಗಾಗಿ ಆ ಮಹಾತಾಯಿ ಪ್ರೊಮಾಯಾದಲ್ಲಿ ಮಲಗಿದ್ದರು!

“ಝಾಗೊರ್ಕಾ! ಮಾತು ಕೊಟ್ಟಿದ್ದೆ ಅಂದೆ, ನಿಮ್ಮಮ್ಮನಿಗೆ ಹೇಳಿಬಿಟ್ಟೆಯಲ್ಲ!”

“ಒಂದಕ್ಷರ ಹೇಳಿಲ್ಲ. ಅಮ್ಮ ಕೇಳಲೂ ಇಲ್ಲ. ನಾನು ಬಂದ ದಿನ ಆ ಖಾಲಿ ಚೀಲ ನೋಡಿದಳು, ಅಷ್ಟೇ. ‘ತಿಂದೋರಿಗೆ ರುಚಿಸದೆ ಇದ್ದಿದ್ರೆ ಉಳಿದದ್ದನ್ನ ನನ್ನ ಮಗಳು ಅಲ್ಲೇ ಬಿಟ್ಟು ಬರ್ತಿದ್ಲಾ? ಎಲೆಕೋಸಿನ ತೊಟ್ಟನ್ನೂ ಬಿಡೋಳಲ್ಲ ಇವಳು! ಅಲ್ಲಿಯವರೇ ಕಿತ್ಕೊಂಡು ತಿಂದಿದ್ದಾರೆ’ ಅಂದ್ಲು. ಆ ಚೀಲಾನ ಮೊಳೆಗೆ ಹಾಕಿದ್ದು ನೀನೇ.”

“ಮತ್ತೆ ಹೊಸ ಬೂಟು ಬೇಡ ಅಂದೆ?”

“ಅಲ್ಲಿ ನಿಂತು ಅಡುಗೆ ಮಾಡಬೇಕು ಮಾರಾಯಾ. ಹೊಸ ಬೂಟು ಕಚ್ಚತ್ತೆ.”

ಮೆಟ್ಟಿಲು ಹತ್ತಿದೆ. ಅತ್ತೆ ಬಾಲ್ಕನಿಯಲ್ಲಿ ಶಾಲು ಬಿಗಿದುಕೊಂಡು, ಮೇಜಿನ ಮೇಲೆ ಸಾಸೇಜಿಟ್ಟು ಗಾಜಿನ ಬಾಟಲಿ ಉರುಳಿಸುತ್ತಿದ್ದರು. ನನ್ನದೇ ಬಾಟಲಿ. ನನ್ನನ್ನು ಕಂಡು ಆಶ್ಚರ್ಯವೇನೂ ಪಡಲಿಲ್ಲ.

“ತ್ರಾಯ್ಕೊಗೆ ಮೊದಲೇ ಹೇಳಿದ್ದೆ,” ಅಂದರು. “ನಮ್ಮ ಅಳಿಯ ಮುಖ ಓದ್ತಾನೆ, ಅಂದ್ರೆ ತಪ್ಪಾಗೇ ಓದ್ತಾನೆ, ಅವನಾಗೇ ಕರೀತಾನೆ, ಕಾದಿರು ಅಂತ.”

“ಅತ್ತೆ, ನಾಳೆ ಸಂತೆ ಇದೆ. ಊರಿಗೆಲ್ಲ ಮಾತು ಕೊಟ್ಟಿದ್ದೀನಿ. ನಮ್ಮ ನಮ್ಮಲ್ಲಿ ಏನು? ಕೊಂಡ ಬೆಲೆಗೇ ಕೊಡಿ.”

ಅವರು ಒಂದು ಬೆಲೆ ಹೇಳಿದರು. ನನಗೂ ಪ್ರೊಮಾಯಾ ಬಡಿದಂತಾಯಿತು. ಅವರ ಮುಖ ನೋಡಿದೆ. ಕಲ್ಲುಮುಖನ ಅಜ್ಜಿ ಯಾರಿರಬಹುದೆಂಬ ಅನುಮಾನ ಬಂತು. ಆದರೂ ವ್ಯಾಪಾರಿಯಲ್ಲವೇ, ಕೊಳ್ಳುವ ಮುಂಚೆ ಸರಕು ನೋಡಬೇಕು. ಒಂದನ್ನು ಇಳಿಸಿ ಬೆಳಕಿಗೆ ಹಿಡಿದೆ, ಮೂಸಿದೆ, ಚೂರು ಕತ್ತರಿಸಿ ಬಾಯಿಗಿಟ್ಟೆ. ಹಾಳಾದ್ದು! ಆ ಮುದುಕಿ ಪ್ರಾಣ ಪಣಕ್ಕಿಟ್ಟು ಹಾಯಿಸಿದ ಗಾಳಿಗೆ ಅದರ ರುಚಿ ಎಲ್ಲಿಗೋ ಏರಿಬಿಟ್ಟಿತ್ತು. ಕಣ್ಣು ತಾನಾಗಿ ಮುಚ್ಚಿತು. ಬಾಯಿ ತಾನಾಗಿ ತೆರೆಯಿತು.

“ಪರವಾಗಿಲ್ಲ,” ಅಂದುಬಿಟ್ಟೆ.

ಬಾಟಲಿ ನಿಂತಿತು. ವಾಲಿದ ಕುತ್ತಿಗೆಯ ಮೇಲೆ ನಿಧಾನವಾಗಿ ಒಂದು ನಗು ಮೂಡಿತು. ಅದನ್ನು ಓದಲು ಯಾವ ವಿದ್ಯೆಯೂ ಬೇಕಿರಲಿಲ್ಲ.

“ಕೇಳಿದೆಯೇನೇ ಝಾಗೊರ್ಕಾ?” ಎಂದು ಅತ್ತೆ ಬಾಲ್ಕನಿಯಿಂದ ಕೆಳಕ್ಕೆ ಕೂಗಿದರು. “ನಿನ್ನ ಗಂಡ ಪರವಾಗಿಲ್ಲ ಅಂದ! ಅಳಿಯ ದೇವರೇ, ಈಗ ಹೇಳಿದ ಬೆಲೆ ಮರೆತುಬಿಡು. ಅದು ನೀನು ಹೊಗಳೋದಕ್ಕೆ ಮುಂಚಿನ ಬೆಲೆ!”